ತಾಂಬಾ, ಥಾಂಬಾ

ಬೊಂಬಾಯಿ ಬದಿಯ ಠಾಕುರ್ಲಿಗೆ ಬಂದ ಮೊದಲ ದಿನ ನನಗೆ ರಸ್ತೆ ಬದಿಯಲ್ಲೇ ತಾಮ್ರ ಸಿಕ್ಕಿತು. ಒಂದು ಕಂಬ, ಕಂಬದ ಮೇಲೊಂದು ಫಲಕ, ಫಲಕದಲ್ಲಿ ನಾನು ಓದಿದ್ದು ‘ತಾಂಬಾ’. ಸ್ವಲ್ಪ ದೂರ ಹೋದರೆ ಇನ್ನೊಂದು ಕಂಬ, ಮತ್ತೆ ‘ತಾಂಬಾ’. ಹಿಂದಿಯಲ್ಲಿ ತಾಂಬಾ ಎಂದರೆ ತಾಮ್ರ ಎಂದು ಶಾಲೆಯಲ್ಲಿ ಕಲಿತಿದ್ದೆ. ನಾನು ಬಂದದ್ದೂ ನೆಲದೊಳಗೆ ನಿಕಲ್ ಮತ್ತು ತಾಮ್ರ ಹುಡುಕುವ ಕಂಪನಿಯ ಕೆಲಸಕ್ಕೆ. ಈ ಊರಿನವರು ನನ್ನ ಕೆಲಸವನ್ನು ಇಷ್ಟು ಸುಲಭ ಮಾಡಿಟ್ಟಿದ್ದಾರಲ್ಲ ಎಂದು ಆಟೋದಲ್ಲಿ ಒಬ್ಬಳೇ ನಕ್ಕೆ.

ಜಲಜಕ್ಕನಿಗೆ ಹೇಳಿದಾಗ ಅವರು ನನಗಿಂತ ಜೋರಾಗಿ ನಕ್ಕರು. ಜಲಜಕ್ಕ ಅಮ್ಮನ ಕಡೆಯಿಂದ ದೂರದ ಸಂಬಂಧ. ಗಂಡನ ಜೊತೆ ಠಾಕುರ್ಲಿ ಸ್ಟೇಷನ್ ಹತ್ತಿರ ಸಣ್ಣ ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ಅದರ ಮೇಲಿನ ಕೋಣೆಯೇ ನನ್ನ ಮನೆ.

“ತಾಂಬಾ ಅಲ್ಲ ಮಾರಾಯ್ತಿ, ಥಾಂಬಾ! ಬಸ್ ನಿಲ್ಲುವ ಜಾಗ. ಮರಾಠಿಯಲ್ಲಿ ‘ನಿಲ್ಲಿ’ ಅನ್ಲಿಕ್ಕೂ ಅದೇ ಶಬ್ದ.”

“ಎರಡೂ ಒಂದೇ ಕೇಳ್ತದಲ್ಲ ಅಕ್ಕ?”

“ನಿನ್ನ ಬಾಯಲ್ಲಿ ಒಂದೇ. ಇಲ್ಲಿನವರ ಕಿವಿಗೆ ಬೇರೆ ಬೇರೆ.”

ನಮ್ಮ ಉಡುಪಿ ಕಡೆಯವರಿಗೆ ಮಹಾಪ್ರಾಣ ಬರೆಯುವಾಗ ಮಾತ್ರ ಬೇಕು, ಮಾತಾಡುವಾಗ ಅದರ ಹಂಗಿಲ್ಲ. ಅಂದು ನಕ್ಕು ಮರೆತೆ. ಅದು ಎಷ್ಟು ದೊಡ್ಡ ತಪ್ಪೆಂದು ಗೊತ್ತಾಗಲು ಐದು ತಿಂಗಳು ಬೇಕಾಯಿತು.

ಕಲ್ಲಿನ ಕೆಲಸ ನನಗೆ ಹೊಸದಲ್ಲ. ಅಪ್ಪ ಮುರಕಲ್ಲು ಕಡಿಯುವ ಕೋರೆಯಲ್ಲಿ ಮೇಸ್ತ್ರಿ. ಊರಲ್ಲಿ ಕಲ್ಲೆಂದರೆ ಕೆಂಪು ಧೂಳು, ಮೊಣಕಾಲಿನವರೆಗೂ ಬಣ್ಣ. ಘಣಸೋಲಿಯ ನನ್ನ ಆಫೀಸಿನಲ್ಲಿ ಧೂಳೇ ಇಲ್ಲ. ಆರನೇ ಮಹಡಿ, ತಣ್ಣನೆಯ ಎಸಿ, ಪರದೆಯ ಮೇಲೆ ಭೂಮಿಯ ಚಿತ್ರ. ನೆಲ ಕೊರೆಯುವ ಯಂತ್ರ ಇರುವುದು ರೈಲಿನಲ್ಲಿ ಒಂದು ರಾತ್ರಿಯ ದಾರಿ, ವಿದರ್ಭದ ಕಾಡಿನಂಚಿನಲ್ಲಿ. ಅಲ್ಲಿಂದ ಫೋನಿಗೆ ಫೋಟೋ ಬರುತ್ತದೆ. ಕೊರೆದು ತೆಗೆದ ಕಲ್ಲಿನ ಉದ್ದುದ್ದ ಕೋಲುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿರುತ್ತಾರೆ. ನಾನು ನೋಡಿ ಬರೆದುಕೊಳ್ಳಬೇಕು.

ಆಫೀಸಿಗೆ ಹೋಗುವುದೇ ಒಂದು ವಿದ್ಯೆ. ಫಾಸ್ಟ್ ಲೋಕಲ್‌ಗಳು ಠಾಕುರ್ಲಿಯನ್ನು ಕಣ್ಣೆತ್ತಿಯೂ ನೋಡದೆ ಹೋಗುತ್ತವೆ. ಸ್ಲೋ ಗಾಡಿ ಹಿಡಿದು ಠಾಣೆ ಎಂಬ ಊರಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಮಹಿಳೆಯರ ಡಬ್ಬಿಯಲ್ಲಿ ಮೊದಲ ವಾರ ಎಲ್ಲರೂ ನನ್ನನ್ನು “ಕುಠೆ ಉತರಣಾರ್?” ಎಂದು ಕೇಳುತ್ತಿದ್ದರು. ಎಲ್ಲಿ ಇಳಿಯುತ್ತೀ ಎಂದು. ಎಷ್ಟು ಅಕ್ಕರೆ ಇವರಿಗೆ ಎಂದುಕೊಂಡು ಊರು, ಆಫೀಸು, ಅಪ್ಪನ ಕೆಲಸ ಎಲ್ಲ ಹೇಳಿದೆ. ಅವರಿಗೆ ಬೇಕಾದದ್ದು ನಾನು ಎದ್ದಾಗ ಖಾಲಿಯಾಗುವ ಸೀಟು! ಈಗ ನಾನೂ ಹಾಗೇ ಕೇಳುತ್ತೇನೆ. ಕೂರಲು ಸೀಟು ಸಿಕ್ಕ ದಿನ ಅಮ್ಮನಿಗೆ ಫೋನ್ ಮಾಡಿ ಹೇಳುತ್ತೇನೆ. ಅಮ್ಮನಿಗೆ ಅದರಲ್ಲಿ ಹೇಳುವಂಥದ್ದೇನಿದೆ ಎಂದು ಅರ್ಥವಾಗುವುದಿಲ್ಲ.

ನನ್ನ ಕೆಲಸವೇನೆಂದು ಜಲಜಕ್ಕ ಒಮ್ಮೆ ಕೇಳಿದರು. ಹೋಟೆಲಿನ ದೊಡ್ಡ ಪಾತ್ರೆಯಲ್ಲಿ ಸಾಂಬಾರು ಕುದಿಯುತ್ತಿತ್ತು. ಅದನ್ನೇ ತೋರಿಸಿದೆ. ಬಹಳ ಹಿಂದೆ ಭೂಮಿಯೊಳಗೆ ಕಲ್ಲು ಹೀಗೇ ಕರಗಿ ಕುದಿಯುತ್ತಿತ್ತು, ಆರುವಾಗ ನಿಕಲ್ ಮತ್ತು ತಾಮ್ರದ ಭಾರದ ಭಾಗ ಬೇಳೆಯ ಹಾಗೆ ತಳದಲ್ಲಿ ಕೂತಿತು. ಪಶ್ಚಿಮದ ಕಡೆ ಅದಿರು ಇರುವುದು ಗೊತ್ತಾಗಿದೆ. ಪೂರ್ವಕ್ಕೂ ಹರಡಿದೆಯೇ ಎಂದು ನೋಡಲು ದೂರ ದೂರದಲ್ಲಿ ಹೊಸ ತೂತು ಕೊರೆಯುತ್ತೇವೆ ಎಂದೆ.

“ಹಾಗಾದ್ರೆ ಸೌಟು ತಳಕ್ಕೆ ಮುಟ್ಬೇಕು,” ಎಂದರು ಜಲಜಕ್ಕ. “ಮೇಲೆ ಮೇಲೆ ತೆಗೆದ್ರೆ ಬರೀ ನೀರು.” ನಾಲ್ಕು ವರ್ಷ ಕಾಲೇಜಿನಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಪೂರ್ವದ ಆ ತೂತಿನ ಮೇಲುಸ್ತುವಾರಿ ಶಿಂದೆ ಕಾಕಾ ಅವರದು. ಮನೆ ಬದಲಾಪುರದಲ್ಲಿ, ಜೀವನ ಕಾಡಿನಲ್ಲಿ. ಮೂರು ತಿಂಗಳಿಗೊಮ್ಮೆ ಹೆಂಡತಿಯ ಮುಖ ನೋಡುವ ಮನುಷ್ಯ. ನಮಗೆ ಫೋನಿನಲ್ಲೇ ಪರಿಚಯ. ಅವರ ಹಿಂದಿಯಲ್ಲಿ ಅರ್ಧ ಮರಾಠಿ, ನನ್ನ ಹಿಂದಿಯಲ್ಲಿ ಅರ್ಧ ಮೌನ. ಆದರೂ ದಿನವೂ ಮಾತು ಮುಗಿಸುವ ಮೊದಲು “ಜೇವಲೀಸ್ ಕಾ?” ಎಂದು ಕೇಳುತ್ತಿದ್ದರು. ಊಟ ಆಯ್ತಾ ಎಂದು. ಈ ಊರಿನಲ್ಲಿ ಆ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಒಂದು ಮಧ್ಯಾಹ್ನ ಅವರು ಕಳಿಸಿದ ಫೋಟೋದಲ್ಲಿ ಕಪ್ಪು ಕಲ್ಲಿನ ಮೈಯಲ್ಲಿ ಹಿತ್ತಾಳೆ ಬಣ್ಣದ ಚುಕ್ಕೆಗಳು ಕಂಡವು. ತಾಮ್ರದ ಅದಿರು! ನಿಕಲ್ ಹಾಗೆ ಕಣ್ಣಿಗೆ ಬೀಳುವುದಿಲ್ಲ, ಲ್ಯಾಬಿನಲ್ಲೇ ಗೊತ್ತಾಗಬೇಕು. ಆದರೆ ತಾಮ್ರ ಕಂಡರೆ ನಿಕಲ್ ಕೆಳಗೆಲ್ಲೋ ಹತ್ತಿರದಲ್ಲೇ ಇರುವ ಸಾಧ್ಯತೆ ಹೆಚ್ಚು. ನಾನು ಕುರ್ಚಿಯಿಂದ ಎದ್ದೇ ಫೋನ್ ಮಾಡಿದೆ. ಆ ಕಡೆ ಯಂತ್ರದ ಗದ್ದಲ.

“ಕಾಕಾ! ತಾಂಬಾ! ತಾಂಬಾ!”

“ತಾಂಬೂ?” ಎಂದು ಕೇಳಿದ ಹಾಗಾಯಿತು. ಮರಾಠಿಯಲ್ಲಿ ತಾಮ್ರಕ್ಕೆ ಹಾಗೆನ್ನುತ್ತಾರೇನೋ ಎಂದುಕೊಂಡೆ.

“ಹೋ, ಹೋ!” ಎಂದೆ. ಹೌದು ಎನ್ನಲು ನಾನು ಕಲಿತಿದ್ದ ಮರಾಠಿ ಅದು. ಲೈನ್ ಕಡಿಯಿತು. ಅಂದು ಖುಷಿಗೆ ಠಾಣೆಯಲ್ಲಿ ವಡಾಪಾವ್ ತಿಂದೆ.

ಎರಡು ದಿನ ಕಾಕಾನ ಫೋನ್ ಸಿಗಲಿಲ್ಲ. ಮೂರನೇ ದಿನ ಪಾಟೀಲ ಸರ್ ಕರೆದರು. ವಿಜಯಪುರ ಕಡೆಯವರು, ನಮ್ಮ ತಂಡದ ಮುಖ್ಯಸ್ಥರು.

“ಆ ಶಿಂದೆ ತೂತು ಅರ್ಧಕ್ಕ ನಿಲ್ಲಿಸ್ಯಾನವ್ವಾ. ಇನ್ನೂ ನಲವತ್ತು ಮೀಟರ್ ಹೋಗಬೇಕಾಗಿತ್ತು. ಸಲಾಕಿ ಎಲ್ಲಾ ಮ್ಯಾಲ ತಗದು ಮಷೀನ್ ಬಿಚ್ಚಾಕ ಹತ್ಯಾನ. ಕೇಳಿದ್ರ, ಮ್ಯಾಡಮ್ ನಿಲ್ಲಸಂದ್ರು ಅಂತಾನ. ನೀ ಹಂಗ ಹೇಳಿದ್ಯೇನು?”

“ಇಲ್ಲ ಸರ್,” ಎಂದೆ. ಅದು ನನಗೆ ಅಪ್ಪಟ ಸತ್ಯವಾಗಿತ್ತು.

“ಹಂಗಾದ್ರ ಸುಳ್ಳು ಹೇಳಾಕ ಹತ್ಯಾನ. ಈ ತಿಂಗಳ ಕೊನಿಗೆ ಅವನ್ನ ಮನಿಗೆ ಕಳಿಸ್ತಾರ.”

ಅಂದು ಗಾಡಿಯಲ್ಲಿ ನನಗೆ ಶಿಂದೆ ಕಾಕಾನ ಮೇಲೆ ಸಿಟ್ಟೇ ಬಂದಿತ್ತು. ಊಟ ಆಯ್ತಾ ಎಂದು ಕೇಳುವ ಬಾಯಲ್ಲಿ ಇಂಥ ಸುಳ್ಳೇ? ಠಾಕುರ್ಲಿಯಲ್ಲಿ ಇಳಿದು ರಸ್ತೆಗೆ ಬಂದೆ. ಎದುರಿಗೆ ಅದೇ ಕಂಬ, ಅದೇ ಫಲಕ. ಒಬ್ಬಾಕೆ ಹೊರಡುತ್ತಿದ್ದ ಬಸ್ಸಿನ ಹಿಂದೆ ಓಡುತ್ತ “ಥಾಂಬಾ! ಥಾಂಬಾ!” ಎಂದು ಕೂಗುತ್ತಿದ್ದಳು. ನನ್ನ ಕಾಲು ಅಲ್ಲೇ ನಿಂತಿತು.

ತಾಂಬೂ ಅಲ್ಲ. ಥಾಂಬೂ? ನಿಲ್ಲಿಸಲಾ? ಎಂದು ಕೇಳಿದ್ದರು ಅವರು. ನಾನು ಹೋ, ಹೋ ಎಂದಿದ್ದೆ.

ಜಲಜಕ್ಕನ ಅಡುಗೆಮನೆಯಲ್ಲಿ ಕೂತು ಅತ್ತೆ. ಕೆಲಸ ಕಾಯಂ ಆಗಲು ಇನ್ನೊಂದೇ ತಿಂಗಳಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹೋಗುವುದು ಶಿಂದೆ ಕಾಕಾನ ಕೆಲಸ. ಹೇಳಿದರೆ ಹೋಗುವುದು ಬಹುಶಃ ನನ್ನದು. ಜಲಜಕ್ಕ ಉಪದೇಶ ಮಾಡಲಿಲ್ಲ. ತಟ್ಟೆಗೆ ಎರಡು ನೀರುದೋಸೆ ಹಾಕಿ, “ನಾಳೆ ಬೇಗದ ಗಾಡಿಗೆ ಹೋಗು. ಪಾಟೀಲರು ಬರುವ ಮೊದಲು ಅಲ್ಲಿರು,” ಎಂದರು. ನಾನು ಹೇಳಿಯೇ ಹೇಳುತ್ತೇನೆ ಎಂದು ನನಗಿಂತ ಮೊದಲು ಅವರಿಗೆ ಗೊತ್ತಿತ್ತು.

ಪಾಟೀಲ ಸರ್ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

“ತಾಂಬಾ, ಥಾಂಬಾ,” ಎಂದು ತಾವೇ ಎರಡು ಸಲ ಹೇಳಿ ನೋಡಿದರು. “ಇಪ್ಪತ್ತು ವರ್ಷ ಆತು ನಾ ಇಲ್ಲಿಗೆ ಬಂದು. ನನ್ನ ಬಾಯಾಗೂ ಮೊದಲ ಹಂಗ ಬರ್ತಿತ್ತವ್ವಾ.” ಆಮೇಲೆ ದನಿ ಗಡುಸಾಯಿತು. “ತಪ್ಪು ನಿಂದು. ಬರದು ಕೊಡು. ಇನ್ನ ಮ್ಯಾಲ ಇಂಥಾ ಮಾತು ಫೋನಿನ್ಯಾಗ ಅಲ್ಲ, ಬರವಣಿಗಿಯೊಳಗ.”

ಬರೆದುಕೊಟ್ಟೆ. ಶಿಂದೆ ಕಾಕಾ ಉಳಿದರು. ನಾನು ಕಾಯಂ ಆಗುವುದು ಮೂರು ತಿಂಗಳು ಮುಂದಕ್ಕೆ ಹೋಯಿತು, ಅದು ನ್ಯಾಯವೇ. ಪುಣ್ಯಕ್ಕೆ ತೂತು ಕುಸಿಯದಂತೆ ಇಳಿಸಿದ್ದ ಕಬ್ಬಿಣದ ಕೊಳವೆಯನ್ನು ಇನ್ನೂ ಕಿತ್ತಿರಲಿಲ್ಲ. ಯಂತ್ರವನ್ನು ಮತ್ತೆ ಅದೇ ಜಾಗದಲ್ಲಿ ಜೋಡಿಸಿದರು.

ಕ್ಷಮೆ ಕೇಳಲು ಫೋನ್ ಮಾಡಿ ಅತ್ತುಬಿಟ್ಟೆ. “ಅಗ ಪೋರಿ, ರಡೂ ನಕೋ,” ಎಂದರು ಶಿಂದೆ ಕಾಕಾ. ಅಯ್ಯೋ ಹುಡುಗಿ, ಅಳಬೇಡ. ಆಮೇಲೆ ಪಾಠ ಶುರುವಾಯಿತು. ಅಂಗೈಯನ್ನು ಬಾಯಿಯ ಮುಂದೆ ಹಿಡಿ. ತಾಂಬಾ ಎಂದರೆ ಅಂಗೈಗೆ ಏನೂ ತಾಗಬಾರದು. ಥಾಂಬಾ ಎಂದರೆ ಉಸಿರು ಬಂದು ಬಡಿಯಬೇಕು. ಠಾಣೆಯಿಂದ ಘಣಸೋಲಿಯವರೆಗೆ ನಾನು ಅಂಗೈಗೆ ಥಾಂಬಾ ಥಾಂಬಾ ಎನ್ನುತ್ತ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಿದ್ದರು, ಜಾಗ ಜಾಸ್ತಿ ಸಿಗುತ್ತಿತ್ತು.

ಬಿಟ್ಟಿದ್ದ ನಲವತ್ತು ಮೀಟರಿನ ಕೊನೆಯಲ್ಲಿ ಕಲ್ಲು ಬದಲಾಯಿತು. ಕಂಚಿನ ಹೊಳಪು, ಎತ್ತಿದರೆ ಕೈ ಜಗ್ಗುವಷ್ಟು ಭಾರ ಎಂದರು ಕಾಕಾ. ಲ್ಯಾಬಿನಿಂದ ವರದಿ ಬಂತು: ನಿಕಲ್ ಇದೆ. ನಕ್ಷೆಯಲ್ಲಿ ಅದಿರಿನ ಗೆರೆಯನ್ನು ಪೂರ್ವಕ್ಕೆ ಎಳೆಯಲು ಪಾಟೀಲ ಸರ್ ಮೌಸನ್ನು ನನ್ನ ಕೈಗೆ ಕೊಟ್ಟರು. ಜಲಜಕ್ಕ ಕೇಳಿದ್ದು ಒಂದೇ, “ಸೌಟು ತಳ ಮುಟ್ಟಿತಾ?” ಮುಟ್ಟಿತು ಎಂದೆ.

ರಜೆಗೆ ಬಂದಾಗ ಶಿಂದೆ ಕಾಕಾ ಬದಲಾಪುರದಿಂದ ಹೆಂಡತಿಯನ್ನು ಕರೆದುಕೊಂಡು ಹೋಟೆಲಿಗೆ ಬಂದರು. ಮೊದಲ ಸಲ ಮುಖ ನೋಡಿದೆ. ಕುಳ್ಳಗಿನ ಮನುಷ್ಯ, ಬಿಳಿ ಮೀಸೆ. ಗೋಳಿಬಜೆ ಎರಡು ಪ್ಲೇಟು ತಿಂದರು. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಅಪ್ಪನ ಕೈಯಷ್ಟೇ ಒರಟು.

ಇದನ್ನು ಈಗ ಊರಿನಲ್ಲಿ ಕೂತು ಬರೆಯುತ್ತಿದ್ದೇನೆ. ಹತ್ತು ದಿನದ ರಜೆ. ಇಂದು ಬೆಳಿಗ್ಗೆ ಉಡುಪಿಗೆ ಹೋಗುವ ಬಸ್ಸು ಹೊರಟೇಬಿಟ್ಟಿತ್ತು. ನಾನು ಓಡುತ್ತ ಕೂಗಿದೆ, “ಥಾಂಬಾ! ಥಾಂಬಾ!” ಮಹಾಪ್ರಾಣ ಒಂದು ಚೂರೂ ತಪ್ಪಲಿಲ್ಲ. ಬಸ್ಸು ನಿಂತಿತು. ಕಂಡಕ್ಟರ್ ನಗುತ್ತ ತುಳುವಿನಲ್ಲಿ ಕೇಳಿದ, “ಬೊಂಬಾಯಿಡ್ದ್ ಬತ್ತರಾ ಅಕ್ಕಾ?” ಬೊಂಬಾಯಿಯಿಂದ ಬಂದಿರಾ ಎಂದು. ಇಲ್ಲಿಯವಳೇ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಠಾಕುರ್ಲಿಯ ತರಕಾರಿಯವಳೂ ನನ್ನ ಇದೇ ಉತ್ತರವನ್ನು ಮರಾಠಿಯಲ್ಲಿ ಕೇಳಿ ಹೀಗೇ ನಗುತ್ತಾಳೆ.

ಸಂಜೆ ಶಿಂದೆ ಕಾಕಾನಿಗೆ ಫೋನ್ ಮಾಡಿ ಬಸ್ಸಿನ ಕಥೆ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮಿದರು. “ಜೇವಲೀಸ್ ಕಾ?” ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. “ಅಷ್ಟು ಹೊತ್ತಿಂದ ಯಾರತ್ರ ಮಾರಾಯ್ತಿ ಮಾತು?”

“ನಮ್ಮೂರಿನವರ ಹತ್ರ ಅಮ್ಮ,” ಎಂದೆ. ಹೇಳಿದ ಮೇಲೆ ನನ್ನ ಮಾತು ನನ್ನದೇ ಕಿವಿಗೆ ಬಿತ್ತು.

ಯಾವ ಊರು ಎಂದು ಅಮ್ಮ ಕೇಳಲಿಲ್ಲ. ಬಡಿಸುತ್ತೇನೆ ಬಾ ಎಂದರು.