ಹದಿನಾಲ್ಕನೇ ಖೋಲಿಯ ಅಡಿಟಿಪ್ಪಣಿ

ಎಂ.ಎ. ಮುಗಿಸಿದ ಮೇಲೆ ನಾನು ಸೇರಿದ್ದು ಮುಂಬಯಿಯ ಒಂದು ಇಂಗ್ಲಿಷ್ ತ್ರೈಮಾಸಿಕಕ್ಕೆ. ಇತಿಹಾಸವನ್ನೂ ಸಮಾಜಶಾಸ್ತ್ರವನ್ನೂ ಕೂಡಿಸಿ ಓದಬೇಕೆಂಬುದು ಅದರ ಹಠ. ಅದಕ್ಕೆ ಸಂಪಾದಕರು ಇಬ್ಬರು. ಮಾತಾಡಿದವರ ಹೆಸರು ಹಾಕಕೂಡದು ಎಂದು ಸಮಾಜಶಾಸ್ತ್ರದವರು ಹೇಳುತ್ತಿದ್ದರು. ಇತಿಹಾಸದವರು ಪ್ರತಿಯೊಂದಕ್ಕೂ ಆಧಾರ ಕೇಳುತ್ತಿದ್ದರು. ಇಬ್ಬರಿಂದಲೂ ಶಹಬ್ಬಾಸ್ ಎನಿಸಿಕೊಳ್ಳುವ ಆಸೆ ನನಗೆ.

ಗಿರಣಿ ಮುಷ್ಕರದ ಮೇಲೆ ನನ್ನ ಮೊದಲ ಲೇಖನ ಬಂತು. ಮುಷ್ಕರ ಮುರಿಯಲು ಗೂಂಡಾಗಳನ್ನು ಕರೆತಂದವನು ಆಳುಗಳನ್ನು ಭರ್ತಿ ಮಾಡುವ ಜಾಬರನೇ ಎಂದು ವಿಜಾಪುರ ಕಡೆಯ ನೇಕಾರನೊಬ್ಬ ನನಗೆ ಹೇಳಿದ್ದ. ಲೇಖನದಲ್ಲಿ ಅವನ ಹೆಸರು ತೆಗೆದೆ. ಅಡಿಟಿಪ್ಪಣಿಯಲ್ಲಿ ಅವನ ಜಿಲ್ಲೆ, ಭಾಂಡುಪಿನ ಚಾಳು, ಹದಿನಾಲ್ಕನೇ ಖೋಲಿ ಎಂದು ಬರೆದೆ. ಗಿರಣಿಯ ಲೇಬರ್ ಆಫೀಸರ್ ನಮ್ಮ ಚಂದಾದಾರ. ಅವನ ಪ್ರತಿಗೆ ವಿಳಾಸದ ಚೀಟಿ ಅಂಟಿಸಿದವನೂ ನಾನೇ.

ಕೆಲವು ವಾರಗಳ ನಂತರ, ಒಂದು ಭಾನುವಾರ ಬೆಳಿಗ್ಗೆ, ಸಂಚಿಕೆ ತೋರಿಸಲು ನೇಕಾರನ ಮನೆಗೆ ಹೋದೆ. ಅವನ ಹೆಂಡತಿ ನೀರಿಗೆಂದು ಕೆಳಗಿನ ನಲ್ಲಿಗೆ ಹೋಗಿದ್ದಳು. ಚಹಾ ಬಸಿಗೆ ಹಾಕಿಕೊಳ್ಳುತ್ತಿದ್ದಾಗ ಮೂವರು ಒಳನುಗ್ಗಿದರು. ಒಬ್ಬನ ಕೈಯಲ್ಲಿ ಸರಳು. ನೀನು ಯಾರು ಎಂದು ಅವನು ಮರಾಠಿಯಲ್ಲಿ ಕೇಳಿದ. ಸಂಚಿಕೆಯನ್ನು ತೊಡೆಯ ಕೆಳಗೆ ಸರಿಸಿ, ವಿಮೆಯವನು ಎಂದೆ. ನೇಕಾರ ನನ್ನನ್ನೊಮ್ಮೆ ನೋಡಿದ. ಆಮೇಲೆ ಅವನೂ, ಹೌದು, ವಿಮೆಯವರು, ಅವರನ್ನು ಬಿಡಿ ಎಂದ.

ಅವರು ಬಿಟ್ಟರು. ನಾನು ಹೊರಟೆ. ಇಂದಿಗೂ ಆ ಮೆಟ್ಟಿಲುಗಳನ್ನು ಇಳಿಯುತ್ತಲೇ ಇದ್ದೇನೆ. ಮೊದಲನೆಯ ತಿರುವಿನಲ್ಲಿ ಪಾತ್ರೆ ಉರುಳಿದ ಸದ್ದು, ಎರಡನೆಯದರಲ್ಲಿ ಅವನ ಕೂಗು. ಕೆಳಗೆ ನಲ್ಲಿಯ ಹತ್ತಿರ ಹತ್ತಾರು ಜನ ನಿಂತಿದ್ದರು. ಒಂದು ಮಾತು ಹೇಳಿದ್ದರೆ ಮೇಲೆ ಓಡುತ್ತಿದ್ದರು. ನಾನು ಅವರನ್ನು ದಾಟಿ ಸ್ಟೇಷನ್ನಿಗೆ ಹೋಗಿ, ಮೊದಲು ಬಂದ ಲೋಕಲ್ ರೈಲು ಹತ್ತಿದೆ.

ಎಂಟು ದಿನ ಬಿಟ್ಟು ಮತ್ತೆ ಆ ಖೋಲಿಗೆ ಹೋದಾಗ ಅವನು ಆಸ್ಪತ್ರೆಯಲ್ಲಿದ್ದ. ಬಲಗೈ ಬೆರಳುಗಳು ಮಡಚುವುದಿಲ್ಲ, ಇನ್ನು ಮಗ್ಗ ನಡೆಸಲಾರ ಎಂದು ಅವನ ಹೆಂಡತಿ ಹೇಳಿದಳು. ಎಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ನನ್ನ ಬಾಯಿಂದ ಬಂದದ್ದು ಬೇರೆ: ಪೋಲೀಸರು ವಿಚಾರಿಸಲು ಬಂದರೆ ನನ್ನ ಹೆಸರು ಹೇಳಬೇಡಿ.

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. "ಹೇಳಂಗಿಲ್ಲ ತಗೋರಿ," ಎಂದಳು. "ನಮ್ಮ ಮನಿಯವ್ರು ಹೊಡತಾ ತಿನ್ನುವಾಗೂ ಹೇಳಲಿಲ್ಲ."