ಹೊರಗೆ ಹೋಗಿದ್ದಾರೆ

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕನ್ನಡಕದಕ್ಕ ಅಂತಲೇ ಕರೆಯುತ್ತಿದ್ದರು. ಆಕೆಗಿಂತ ಹಿರಿಯರು ಕೂಡ. ಔಷಧಿ ಅಂಗಡಿಗೂ ಗಡಿಯಾರ ರಿಪೇರಿ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತಂತಿದ್ದ ಕಿರಿದಾದ ಜಾಗ ಅವರದು. ಮುಂದುಗಡೆ ಗಾಜಿನ ಕಪಾಟಿನಲ್ಲಿ ಫ್ರೇಮುಗಳು, ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಾಗುತ್ತ ಹೋಗುವ ಅಕ್ಷರಗಳ ಹಲಗೆ, ಗಿರಾಕಿಗಳಿಗೆ ಒಂದು ಎತ್ತರದ ಕುರ್ಚಿ. ಪರದೆಯ ಹಿಂದೆ ಗಾಜು ಉಜ್ಜುವ ಯಂತ್ರ. ಅದನ್ನು ದಾಟಿದರೆ ಮನೆ: ಒಂದು ಕೋಣೆ, ಒಂದು ಅಡಿಗೆಮನೆ.

ಕೆಲಸ ಗಂಡನ ಮನೆಯದು. ಮದುವೆಯಾಗಿ ಬಂದ ಹೊಸದರಲ್ಲಿ ಆಕೆ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಳು. ಗಂಡನೇ ಒಂದು ದಿನ ಕೈಗೆ ಗಾಜು ಕೊಟ್ಟ. ಆಕೆ ಮೊದಲನೆಯದನ್ನೂ ಒಡೆದಳು, ಎರಡನೆಯದನ್ನೂ ಒಡೆದಳು. ಅವನು ಬಯ್ಯಲಿಲ್ಲ. "ಒಡೀಲಿ ಬಿಡು. ಇನ್ನೂ ಯಾರ ಮೂಗಿನ ಮೇಲೂ ಕೂತಿಲ್ವಲ್ಲ" ಅಂದ. ಅವನು ಹಾಗೆಯೇ, ಮೆತ್ತಗಿನ ಮಾತಿನವನು. ಅವನ ತಾಯಿ ಮಾತ್ರ ಬೇರೆ ಥರದ ಹೆಂಗಸು. ಕನ್ನಡಕದ ಅಂಗಡಿಯ ಯಜಮಾನಿಯಾಗಿದ್ದೂ ಸಾಯುವತನಕ ಕನ್ನಡಕ ಹಾಕಲಿಲ್ಲ. "ನನ್ನ ಕಣ್ಣು ಸರಿಯಾಗೇ ಇದೆ. ಪೇಪರ್ನೋರೇ ಅಕ್ಷರ ಸಣ್ಣ ಮಾಡಿದಾರೆ" ಅನ್ನುತ್ತಿದ್ದಳು.

ಒಳಯುದ್ಧ ಬಂದು ಸರ್ಕಾರದ ಸೈನ್ಯ ಊರು ಹಿಡಿದ ಮೇಲೆ ಗಿರಾಕಿಗಳು ಕಡಿಮೆಯಾದರು. ಬಂದವರಲ್ಲಿ ಒಬ್ಬ ಕ್ಯಾಪ್ಟನ್. ಜೀಪಿನಿಂದ ಇಳಿಯುವಾಗ ಬಿದ್ದು ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು. ಗಂಡ ಅದನ್ನು ಬದಲಿಸಿಕೊಟ್ಟ. ಕ್ಯಾಪ್ಟನ್ ಎತ್ತರದ ಕುರ್ಚಿಯಲ್ಲಿ ಕೂತು ಹಲಗೆಯ ಕೊನೆಯ ಸಾಲನ್ನು ತಪ್ಪಿಲ್ಲದೆ ಓದಿ, ಖುಷಿಯಾಗಿ ಕೈಕುಲುಕಿ ಹೋದ.

ಕೆಲವು ವಾರಗಳ ನಂತರ ಮತ್ತೆ ಬಂದ. ಈ ಸಲ ಜೊತೆಗೆ ಸೈನಿಕರಿದ್ದರು. ಸೈನ್ಯದ ಮೇಲೆ ತಿರುಗಿಬಿದ್ದು ಬೆಟ್ಟದ ಕಡೆ ಅಡಗಿದ್ದವರಿಗೂ ಈ ಅಂಗಡಿಯಿಂದ ಕನ್ನಡಕ ಹೋಗಿದೆ ಅಂತ ಯಾರೋ ಕಿವಿ ಕಚ್ಚಿದ್ದರು. ಹೋಗಿದ್ದರೂ ಹೋಗಿರಬಹುದು. ಕಣ್ಣು ಮಂಜಾದವನು ಯಾವ ಕಡೆಯವನು ಅಂತ ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

"ಎರಡು ಮಾತು ಕೇಳೋದಿದೆ. ಸಂಜೆಗೆ ಬಿಟ್ಬಿಡ್ತೀವಿ" ಅಂದ ಕ್ಯಾಪ್ಟನ್. ಗಂಡ ಶೂ ಹಾಕಿಕೊಳ್ಳುವವರೆಗೂ ಅದೇ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕೂತಿದ್ದ.

"ಅಮ್ಮ, ಹೊರಗೆ ಹೋಗ್ಬರ್ತೀನಿ" ಅಂದ ಗಂಡ.

ತಾಯಿ ಒಳಗಿನಿಂದಲೇ "ಹೂಂ" ಅಂದಳು. ಕೈಯಲ್ಲಿ ಹಿಟ್ಟಿತ್ತು. ಎದ್ದು ಬರಲಿಲ್ಲ.

ಅವನು ಸಂಜೆಗೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅತ್ತೆ ಸೊಸೆ ಇಬ್ಬರೂ ಠಾಣೆಗೆ, ಸೈನ್ಯದ ಕಚೇರಿಗೆ, ಆಸ್ಪತ್ರೆಗೆ ಅಲೆದರು. ಎಲ್ಲ ಕಡೆಯೂ ಒಂದೇ ಉತ್ತರ: ಅಂಥವರು ನಮ್ಮಲ್ಲಿಲ್ಲ.

ಯುದ್ಧ ಮುಗಿದ ವರ್ಷ ಒಬ್ಬ ಗಾರೆ ಕೆಲಸದವನು ಅಂಗಡಿಗೆ ಬಂದ. ಒಂದು ತೋಳು ಸೊಟ್ಟಗಾಗಿತ್ತು. ಕನ್ನಡಕಕ್ಕೆ ಬಂದವನಂತೆ ಕೂತು, ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದ. ತನ್ನನ್ನೂ ಅದೇ ದಿನ ಹಿಡಿದಿದ್ದರು. ಲಾರಿಯಲ್ಲಿ ಕಲ್ಲುಗಣಿಗೆ ಒಯ್ದರು. ಕ್ಯಾಪ್ಟನ್ ಒಬ್ಬೊಬ್ಬರ ಹೆಸರು ಕೂಗುತ್ತಿದ್ದ; ಹೆಸರಿಗೊಂದು ಗುಂಡು. ತೋಳಿಗೆ ಗುಂಡು ತಗುಲಿ ಬಿದ್ದ ತಾನು ಸತ್ತವರ ಅಡಿಯಲ್ಲಿ ಉಸಿರು ಬಿಗಿಹಿಡಿದು ಉಳಿದೆ ಅಂದ.

"ನಿಮ್ಮೋರು ನನ್ನ ಪಕ್ಕಾನೇ ಇದ್ರಕ್ಕ. ಹೆದರ್ಬೇಡ ಅಂತ ನನಗೇ ಹೇಳ್ತಿದ್ರು."

ಆಕೆಗೆ ಅಳುವುದಕ್ಕೂ ಬಿಡುವಾಗಲಿಲ್ಲ. ಪರದೆಯ ಹಿಂದಿನಿಂದ ಅತ್ತೆ ಬಂದಳು.

"ಯಾರೋ ನೀನು? ನನ್ನ ಮಗನ ಸುದ್ದಿ ನಿನ್ನ ಬಾಯಲ್ಲಿ ಯಾಕೆ ಬರ್ತಿದೆ? ಎದ್ದು ಹೋಗು!"

ಅವನು ತಲೆ ತಗ್ಗಿಸಿ ಎದ್ದು ಹೋದ. ಅತ್ತೆ ಅವನು ಕೂತಿದ್ದ ಕುರ್ಚಿಯನ್ನು ಬಟ್ಟೆಯಿಂದ ಒರೆಸಿದಳು. ಅಂದಿನಿಂದ ಯಾರು ಮಗನನ್ನು ಕೇಳಿದರೂ ಆಕೆಯದು ಒಂದೇ ಮಾತು: "ಹೊರಗೆ ಹೋಗಿದಾನೆ."

ಕೆಲವು ವರ್ಷ ಕಳೆದು ಸರ್ಕಾರ ಬದಲಾಯಿತು. ಯುದ್ಧಕಾಲದ ಕೊಲೆಗಳನ್ನು ವಿಚಾರಿಸಲು ಬೇರೆಯೇ ನ್ಯಾಯಾಲಯ ತೆರೆದರು. ಒಬ್ಬ ವಕೀಲಮ್ಮ ಮನೆಮನೆಗೆ ಬಂದಳು. ಗಾರೆಯವನೇ ಕಳಿಸಿದ್ದ. ಅವನು ಸಾಕ್ಷಿ ಹೇಳಲು ಒಪ್ಪಿದ್ದ. ಆದರೆ ಒಂದು ತೊಡಕಿತ್ತು. ಸರ್ಕಾರದ ದಾಖಲೆಯಲ್ಲಿ ಗಂಡ ಇನ್ನೂ 'ಕಾಣೆಯಾದವನು'. ಅವನು ಸತ್ತಿದ್ದಾನೆ ಅಂತ ಹೆಂಡತಿ ಮತ್ತು ತಾಯಿ ಇಬ್ಬರೂ ಸಹಿ ಹಾಕಿಕೊಟ್ಟರೆ ಮಾತ್ರ ಕೊಲೆಯ ಮೊಕದ್ದಮೆ ಹೂಡಬಹುದು.

"ಇದೆಂಥಾ ಕಾನೂನಮ್ಮ?" ಅಂದಳು ಕನ್ನಡಕದಕ್ಕ.

"ನಾನು ಬರ್ದಿದ್ದಲ್ಲ ಅಕ್ಕ" ಅಂದಳು ವಕೀಲಮ್ಮ. "ಕಾಣೆಯಾದೋನನ್ನ ಯಾರೂ ಕೊಂದಿರೋದಿಲ್ಲ, ಅವರ ಲೆಕ್ಕದಲ್ಲಿ."

ಆಕೆ ತನ್ನ ಸಹಿ ಹಾಕಿದಳು. ಅತ್ತೆ ಹಾಕಲಿಲ್ಲ.

"ಹೆತ್ತೋಳ ಕೈಯಲ್ಲೇ ಮಗ ಸತ್ತ ಅಂತ ಬರೆಸ್ತೀರಾ? ನಾನು ಹೆಣ ನೋಡಿದೀನಾ? ನೀನು ನೋಡಿದೀಯಾ?"

ವಕೀಲಮ್ಮ ಮತ್ತೆ ಬಂದಳು, ಮತ್ತೊಂದು ವರ್ಷವೂ ಬಂದಳು. ಅತ್ತೆ ಆಕೆಗೆ ಊಟ ಬಡಿಸುತ್ತಿದ್ದಳು, ಆರೋಗ್ಯ ವಿಚಾರಿಸುತ್ತಿದ್ದಳು. ಸಹಿಯ ಮಾತು ಬಂದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ಬೀದಿಯವರಲ್ಲಿ ಕೆಲವರು ಸೊಸೆಗೆ ಹೇಳಿಕೊಟ್ಟರು: ಮುದುಕಿಗೆ ಕಣ್ಣು ಕಾಣಿಸೋದಿಲ್ಲ, ಮನೆ ತೆರಿಗೆಯ ಕಾಗದ ಅಂತ ಹೇಳಿ ಸಹಿ ಮಾಡಿಸಿಕೋ. ಅದು ಸುಲಭವಾಗಿತ್ತು. ಆಕೆಗೆ ಮನಸ್ಸು ಬರಲಿಲ್ಲ. ಒತ್ತಾಯಿಸುವುದಕ್ಕೂ ಬಾಯಿ ಬರಲಿಲ್ಲ. ಮಗನಿಗಾಗಿ ಈಗಲೂ ಮುಂಬಾಗಿಲ ಕಡೆ ಮುಖಮಾಡಿಯೇ ಮಲಗುವ ಹೆಂಗಸಿಗೆ ಏನಂತ ಹೇಳುವುದು? ಇವತ್ತಲ್ಲ ನಾಳೆ ಮನಸ್ಸು ಕರಗುತ್ತದೆ ಅಂತ ಕಾದಳು.

ಹೀಗೆ ಕಾಯುತ್ತಿರುವಾಗಲೇ ಗಾರೆಯವನು ಕಾಯಿಲೆ ಬಿದ್ದು ತೀರಿಕೊಂಡ. ಕಲ್ಲುಗಣಿಯಿಂದ ಬದುಕಿ ಬಂದಿದ್ದವನು ಅವನೊಬ್ಬನೇ. ಆಕೆ ಅವನ ಮನೆಗೆ ಹೋಗಿ ಬಂದು, ಪರದೆ ಎಳೆದುಕೊಂಡು, ಯಂತ್ರ ಹಾಕಿ ಅದರ ಸದ್ದಿನಲ್ಲಿ ಅತ್ತಳು. ಅತ್ತೆಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದಳು.

ಕ್ಯಾಪ್ಟನ್ ಮಾತ್ರ ಊರು ಬಿಟ್ಟಿರಲಿಲ್ಲ. ನೌಕರಿಯಿಂದ ನಿವೃತ್ತನಾಗಿ ಸಿಮೆಂಟು ವ್ಯಾಪಾರ ಮಾಡಿ ದೊಡ್ಡ ಮನುಷ್ಯ ಅನ್ನಿಸಿಕೊಂಡಿದ್ದ. ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ಕೋಲು. ಆದರೂ ಆಕೆಗೆ ಒಂದೇ ನೋಟಕ್ಕೆ ಗುರುತು ಸಿಕ್ಕಿತು.

"ಓದೋಕೆ ಕಷ್ಟ ಆಗ್ತಿದೆ" ಅಂದ, ಕುರ್ಚಿಯಲ್ಲಿ ಕೂರುತ್ತ. "ಹಳೇ ಅಂಗಡಿ ಇದು, ಒಳ್ಳೆ ಕೆಲಸ ಮಾಡ್ತಿದ್ರು. ನಿಮ್ಮ ಯಜಮಾನ್ರು ಇಲ್ವಾ?"

ಮರೆತು ಕೇಳಿದನೋ, ಬೇಕಂತಲೇ ಕೇಳಿದನೋ, ಆಕೆಗೆ ಕೊನೆಗೂ ತಿಳಿಯಲಿಲ್ಲ. ಅವನ ಮುಖದಲ್ಲಿ ಏನೂ ಕಾಣಲಿಲ್ಲ.

"ಹೊರಗೆ ಹೋಗಿದಾರೆ" ಅಂದುಬಿಟ್ಟಳು.

ನಂತರ ಎಲ್ಲ ಗಿರಾಕಿಗಳಿಗೆ ಮಾಡುವಂತೆ ಮಾಡಿದಳು. ಸ್ಕೇಲು ಹಿಡಿದು ಆ ಎರಡು ಕಣ್ಣುಗಳ ನಡುವಿನ ಅಂತರ ಅಳೆದಳು. ಅಳೆಯುವಾಗ ಗಿರಾಕಿ ಅಳೆಯುವವರ ಕಣ್ಣನ್ನೇ ನೋಡಬೇಕು, ಅವನು ನೋಡಿದ. ಉಸಿರು ತಾಗುವಷ್ಟು ಹತ್ತಿರ. ನನ್ನ ಗಂಡನನ್ನು ಏನು ಮಾಡಿದೆ ಅಂತ ಕೇಳಲು ಅದಕ್ಕಿಂತ ಹತ್ತಿರ ಬೇಕಿರಲಿಲ್ಲ. ಆಕೆ ಫ್ರೇಮು ತೊಡಿಸಿ ಕೇಳಿದ್ದು, "ಕಿವಿ ಹತ್ತಿರ ಬಿಗಿ ಆಗ್ತಿದ್ಯಾ?" ಅಂತ. "ಇಲ್ಲ, ಸರಿಯಾಗಿದೆ" ಅಂದ. ಮುಂದಿನ ವಾರ ಬಂದು ಕನ್ನಡಕ ತೆಗೆದುಕೊಂಡು, ದುಡ್ಡು ಕೊಟ್ಟು ಹೋದ.

ಅವನು ಹೋದ ಮೇಲೆ ತಿರುಗಿ ನೋಡಿದರೆ ಪರದೆಯ ಅಂಚು ಹಿಡಿದು ಅತ್ತೆ ನಿಂತಿದ್ದಳು. ಕಣ್ಣು ಅಳೆದ ದಿನವೇ ದನಿಯಿಂದ ಅವನ ಗುರುತು ಹಿಡಿದು, ಹೀಗೇ ನಿಂತು ಮಾತು ಕೇಳಿದ್ದಳಂತೆ.

"ನನ್ನ ಮಾತನ್ನ ನೀನು ಅವನಿಗೆ ಹೇಳ್ಬಿಟ್ಯಲ್ಲೇ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಯ ಕುರ್ಚಿಗೆ ಬಂದು ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ. "ವಕೀಲಮ್ಮನಿಗೆ ಹೇಳಿ ಕಳಿಸು. ಎಲ್ಲಿ ಸಹಿ ಹಾಕ್ಬೇಕೋ ತೋರಿಸ್ಲಿ."

ಆಕೆ ನಂಬದೆ ನೋಡಿದಳು.

"ಅವನಿಲ್ಲ ಅಂತ ನನಗೆ ಆ ಗಾರೆಯೋನು ಬಂದ ದಿನಾನೇ ಗೊತ್ತಾಯ್ತು" ಅಂದಳು ಅತ್ತೆ. "ಹೆದರ್ಬೇಡ ಅಂತ ಪಕ್ಕದೋನಿಗೆ ಹೇಳ್ತಿದ್ದ ಅಂದ್ನಲ್ಲ, ಅದು ನನ್ನ ಮಗನೇ. ಬೇರೆ ಯಾರೂ ಅಲ್ಲ."

"ಮತ್ತೆ ಯಾಕತ್ತೆ ಇಷ್ಟು ವರ್ಷ?"

"ಅವನು ಸತ್ತ ಅಂತ ಬರೆದುಕೊಟ್ರೆ ನೀನಿಲ್ಲಿ ಯಾವ ಲೆಕ್ಕದಲ್ಲಿ ಇರ್ತಿದ್ದೆ? ನಿನಗಿನ್ನೂ ವಯಸ್ಸಿತ್ತು. ನಿಮ್ಮಣ್ಣ ಬಂದು ಕರ್ಕೊಂಡು ಹೋಗಿ ಬೇರೆ ಮದುವೆ ಮಾಡ್ತಿದ್ದ. ಅವನು ಹೊರಗೆ ಹೋಗಿರೋವರೆಗೂ ನೀನು ಈ ಮನೆ ಸೊಸೆ. ಮಗನೂ ಇಲ್ಲ, ನೀನೂ ಇಲ್ಲ ಅಂದ್ರೆ ನಾನು ಯಾರ ಮುಖ ನೋಡ್ಲಿ?"

ಅಣ್ಣ ಒಂದೆರಡು ಸಲ ಕರೆದದ್ದು ನಿಜ. ಹೋಗುವುದಿಲ್ಲ ಅಂತ ಆಕೆ ಅಂದೇ ಹೇಳಿ ಕಳಿಸಿದ್ದಳು. ಅದನ್ನು ಅತ್ತೆಯ ಮುಂದೆ ಬಾಯಿಬಿಟ್ಟು ಹೇಳಬೇಕು ಅಂತ ಮಾತ್ರ ಹೊಳೆದಿರಲಿಲ್ಲ. ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕೂತ ಇಬ್ಬರು ಒಬ್ಬರಿಗೊಬ್ಬರು ಹೇಳದೆ ಉಳಿಸಿಕೊಂಡ ಮಾತಿನಲ್ಲಿ ಕಾಲವೆಲ್ಲ ಕಳೆದುಹೋಗಿತ್ತು.

ಮೊಕದ್ದಮೆ ದಾಖಲಾಯಿತು. ಗಾರೆಯವನು ಸಾಯುವ ಮುಂಚೆ ವಕೀಲಮ್ಮ ಅವನ ಹೇಳಿಕೆ ಬರೆಸಿಕೊಂಡಿದ್ದಳು. ಆದರೆ ಎದುರು ನಿಂತು ಸವಾಲಿಗೆ ಉತ್ತರ ಕೊಡಲಾರದವನ ಹೇಳಿಕೆಗೆ ತೂಕವಿಲ್ಲ ಅಂತ ಆ ಕಡೆಯ ವಕೀಲ ವಾದಿಸಿದ. ಉಳಿದದ್ದು ಹೆಂಡತಿಯ ಸಾಕ್ಷಿ: ಕರೆದುಕೊಂಡು ಹೋದವನು ಇವನೇ, ಇದೇ ಮುಖ. ಆಕೆ ಹೇಳಲು ಸಿದ್ಧಳಾಗಿದ್ದಳು. ಕ್ಯಾಪ್ಟನ್ ಸಿದ್ಧನಾಗಲಿಲ್ಲ. ಒಮ್ಮೆ ಎದೆನೋವು, ಒಮ್ಮೆ ರಕ್ತದೊತ್ತಡ, ಒಮ್ಮೆ ವಕೀಲನಿಗೆ ಪುರುಸೊತ್ತಿಲ್ಲ. ಪ್ರತಿ ಸಲವೂ ಇಬ್ಬರು ಹೆಂಗಸರು ಬಸ್ಸು ಹತ್ತಿ ಹೋಗಿ, ನ್ಯಾಯಾಲಯದ ಉದ್ದನೆಯ ಬೆಂಚಿನಲ್ಲಿ ಕೂತು, ಮುಂದಿನ ತಾರೀಖು ಕೇಳಿಕೊಂಡು ವಾಪಸು ಬರುತ್ತಿದ್ದರು. "ನಮಗಿಂತ ಈ ಬೆಂಚೇ ಹೆಚ್ಚು ಕಾನೂನು ಕಲ್ತಿರ್ಬೇಕು" ಅನ್ನುತ್ತಿದ್ದಳು ಅತ್ತೆ.

ಒಂದೇ ಒಂದು ಸಲ ಅವನು ಗಾಲಿಕುರ್ಚಿಯಲ್ಲಿ ಬಂದ. ಕಾಗದವೊಂದನ್ನು ಮುಖದ ಹತ್ತಿರ ಹಿಡಿದು ನಿಧಾನವಾಗಿ ಓದಿದ. ಮೂಗಿನ ಮೇಲಿದ್ದದ್ದು ಆಕೆ ಮಾಡಿಕೊಟ್ಟ ಕನ್ನಡಕ. ಅದನ್ನು ನೋಡಿ ಆಕೆ ಎದ್ದು ಹೊರಗೆ ಹೋದಳು. ಅಂದೂ ಆಕೆಯ ಸರದಿ ಬರಲಿಲ್ಲ.

ಮುಂದಿನ ತಾರೀಖಿಗೆ ಮುಂಚೆಯೇ ಅವನು ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ ಸತ್ತ. ನ್ಯಾಯಾಧೀಶರು ಮರಣಪತ್ರ ನೋಡಿ, ಆರೋಪಿ ಮೃತನಾದ್ದರಿಂದ ಪ್ರಕರಣ ಮುಕ್ತಾಯ ಅಂತ ಬರೆಸಿದರು. ಅವನು ಸತ್ತ ಅನ್ನುವುದಕ್ಕೆ ಹೆಂಡತಿಯ ಸಹಿಯೂ ತಾಯಿಯ ಸಹಿಯೂ ಬೇಕಾಗಲಿಲ್ಲ.

ಕನ್ನಡಕದಕ್ಕ ಎದ್ದು ನಿಂತಳು. "ಸ್ವಾಮಿ, ನಾನು ಹೇಳ್ಬೇಕಾಗಿದ್ದನ್ನ ಹೇಳ್ಬಿಡ್ಲಾ?"

ನ್ಯಾಯಾಧೀಶರು ಒಳ್ಳೆಯವರೇ. ಪೆನ್ನು ಕೆಳಗಿಟ್ಟರು. "ಕೇಳೋ ಅಧಿಕಾರ ಈಗ ನನಗಿಲ್ಲಮ್ಮ" ಅಂದರು. ಪಕ್ಕದ ಗುಮಾಸ್ತ ಮುಂದಿನ ಮೊಕದ್ದಮೆ ಕೂಗಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆಗೆ ಬಂದು ಚಪ್ಪಲಿ ಬಿಡುವಾಗ, "ನಾನು ಮೊದಲೇ ಸಹಿ ಹಾಕಿದ್ರೆ…" ಅಂತ ಶುರು ಮಾಡಿದಳು.

"ಕೈಕಾಲು ತೊಳ್ಕೊಳ್ಳಿ ಅತ್ತೆ, ಬಡಿಸ್ತೀನಿ" ಅಂದಳು ಸೊಸೆ.

ಆ ಮಾತು ಮತ್ತೆ ಬರಲಿಲ್ಲ. ಅದಾದ ಮೇಲೆ ಅತ್ತೆ ಹೆಚ್ಚು ದಿನ ಬದುಕಲಿಲ್ಲ. ಈಗ ಕನ್ನಡಕದಕ್ಕ ಅಂಗಡಿಗೆ ವಾರದಲ್ಲಿ ಒಂದು ದಿನ ಬೀಗ ಹಾಕಿ, ವಕೀಲಮ್ಮನ ಜೊತೆ ಅಂಥವೇ ಮನೆಗಳಿಗೆ ಹೋಗುತ್ತಾಳೆ. ಸಹಿ ಹಾಕಿ ಅಂತ ಯಾರಿಗೂ ಹೇಳುವುದಿಲ್ಲ. ತನ್ನ ಮನೆಯಲ್ಲಿ ನಡೆದದ್ದನ್ನು ಹೇಳಿ ಸುಮ್ಮನಾಗುತ್ತಾಳೆ. ಕೆಲವರು ಹಾಕುತ್ತಾರೆ, ಕೆಲವರು ಬಾಗಿಲು ಹಾಕುತ್ತಾರೆ.

ಕ್ಯಾಪ್ಟನ್‌ನ ಮಾತು ಬಂದರೆ ಆಕೆಗೆ ಈಗ ಸಿಟ್ಟೂ ಬರುವುದಿಲ್ಲ. ಕೊರೆಯುವುದು ಬೇರೆಯೇ. "ನಿಮ್ಮಿಂದಲೇ ತಡ ಆಯ್ತು ಅಂತ ನಾನು ಅತ್ತೆಗೆ ಯಾವತ್ತೂ ಅಂದಿಲ್ಲ" ಅಂದಳು ಒಮ್ಮೆ ನನಗೆ, ಗಾಜು ಒರೆಸುತ್ತ. "ನಿಮ್ಮಿಂದಲ್ಲ ಅಂತಾನೂ ಅನ್ನಲಿಲ್ಲ. ಆ ಒಂದು ಮಾತು ಕೇಳೋಕೆ ಅವರು ಎಷ್ಟು ದಿನ ನನ್ನ ಮುಖ ನೋಡ್ತಾ ಕೂತಿದ್ರೋ ಏನೋ."