ಎರಡು ಬಟನ್ನಿಗೆ ಒಂದೇ ಹೆಸರು

ಹಿನಕಲ್ಲಿನ ಸಿದ್ದಲಿಂಗಮ್ಮನಿಗೆ ಹುಟ್ಟಿನಿಂದ ಕಣ್ಣಿಲ್ಲ. ಬಿ.ಎಡ್. ಮುಗಿಸಿ ಆರು ವರ್ಷದಿಂದ ಮನೆಪಾಠ ಹೇಳಿಕೊಂಡು ಕಾಯುತ್ತಿದ್ದವಳಿಗೆ, ಒಂದು ಟ್ರಸ್ಟಿನ ಶಾಲೆಯಲ್ಲಿ ಬ್ರೈಲ್ ಶಿಕ್ಷಕರ ಕೆಲಸ ಖಾಲಿಯಿದೆ ಎಂದು ತಿಳಿಯಿತು. ಕೆಲಸ ಅಂಧರಿಗಷ್ಟೇ, ಅರ್ಜಿ ವೆಬ್‌ಸೈಟಿನಲ್ಲಷ್ಟೇ. ಸೈಟು ಅಂಧಸ್ನೇಹಿಯೆಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಅಂಧರು ದೂರದಿಂದಲೇ ಓದಿಕೊಳ್ಳಲೆಂದು ಇರಬೇಕು.

ಅವಳ ಕಂಪ್ಯೂಟರು ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ. ಬಟನ್ನಿನ ಹಿಂದೆ, ಕಣ್ಣಿಗೆ ಕಾಣದಂತೆ, ಸೈಟ್ ಮಾಡಿದವರು ಬರೆದಿಟ್ಟ ಲೇಬಲ್ಲೇ ಅದಕ್ಕೆ ವೇದವಾಕ್ಯ. ಸಿದ್ದಲಿಂಗಮ್ಮ ಅರ್ಜಿ ತುಂಬಿ, ಅದು "ಸಲ್ಲಿಸು" ಎಂದ ಕಡೆ ಒತ್ತಿದಳು. "ಹೆಸರು, ಖಾಲಿ. ವಿಳಾಸ, ಖಾಲಿ" ಎಂದಿತು. ಮೂರು ದಿನ, ಮೂರು ಸಲ ಇದೇ ಕಥೆ. ಟ್ರಸ್ಟಿಗೆ ಫೋನ್ ಮಾಡಿದರೆ, "ಕಣ್ಣಿರೋರು ಯಾರ ಕೈಲಾದ್ರೂ ಮಾಡಿಸ್ಕೊಳ್ಳಮ್ಮ" ಎಂಬ ಅಮೂಲ್ಯ ಸಲಹೆ ಸಿಕ್ಕಿತು. ಆಮೇಲೆ ಅವಳ ಬಾಯಿಂದ ಇದನ್ನು ಕೇಳಿದ ನನಗೇ ಮೈ ಉರಿಯಿತು.

ಕೊನೆಯ ದಿನ ಅವಳು ಲ್ಯಾಪ್‌ಟಾಪ್ ಹಿಡಿದು, ಬಸ್ಸು ಹತ್ತಿ, ಕೃಷ್ಣಮೂರ್ತಿಪುರಂಗೆ ಹೋದಳು. ಸೈಟ್ ಮಾಡಿದ ಪವಮಾನನ ಆಫೀಸು ಅಲ್ಲೇ.

"ಅಲ್ಲಮ್ಮ, ಕೆಂಪು ಬಟನ್ ಅಳಿಸೋದು, ಹಸಿರು ಕಳಿಸೋದು. ಕಣ್ಣಿಗೆ ರಾಚೋ ಹಾಗೆ ಹಾಕಿದ್ದೀನಲ್ಲ!" ಎಂದ ಅವನು.

"ಆಗ್ಲಿ ಸಾರ್. ಈಗ ತುಂಬಿದ್ದೀನಿ. ಒಸಿ ಕಣ್ಮುಚ್ಕೊಂಡು ನೀವೇ ಕಳಿಸ್ಬುಡಿ."

ಪವಮಾನ ನಕ್ಕು ಕಣ್ಣು ಮುಚ್ಚಿದ. "ಸಲ್ಲಿಸು" ಎಂದಿತು ಕಂಪ್ಯೂಟರು. ಒತ್ತಿದ. "ಹೆಸರು, ಖಾಲಿ."

ನಾಲ್ಕನೆಯ ಅರ್ಜಿಯನ್ನು ಮಹಾಶಯರು ಸ್ವಹಸ್ತದಿಂದಲೇ ಅಳಿಸಿದ್ದರು. ಹಸಿರು ಬಟನ್ನಿನ ಲೇಬಲನ್ನು ನಕಲು ಮಾಡಿ ಕೆಂಪಿಗೂ ಅಂಟಿಸಿದ್ದ ಪುಣ್ಯಾತ್ಮರೂ ಅವರೇ. ತಿದ್ದಿ, "ಅರ್ಧ ನಿಮಿಷದ ಕೆಲಸ ಅಷ್ಟೇ" ಎಂದು ಬೀಗಿದರು.

ಅವಳು ಐದನೇ ಸಲ ತುಂಬಿ ಕಳಿಸಿದಳು. ಅರ್ಜಿ ಸಂಖ್ಯೆ ಬಂತು. ಅದನ್ನು ಎರಡೆರಡು ಸಲ ಓದಿಸಿಕೊಂಡು ಖುಷಿಪಟ್ಟಳು. ಆಮೇಲೆ ಕೇಳಿದಳು: "ಒಟ್ಟು ಎಷ್ಟು ಜನ ಹಾಕವ್ರೆ ಸಾರ್?"

ಪವಮಾನ ನೋಡಿದ. "ಒಂದೇ ಅರ್ಜಿ. ನಿಮ್ಮದೇ. ಇನ್ನೇನಮ್ಮ, ಕೆಲಸ ಸಿಕ್ಕಿದ ಹಾಗೇ ಬಿಡಿ!"

ಸಿದ್ದಲಿಂಗಮ್ಮನ ಮುಖ ಬಾಡಿತು. ಎಷ್ಟು ಮಂದಿ ತುಂಬಿ ತುಂಬಿ ಸೋತು ಸುಮ್ಮನಾದರೋ, ಅದರ ಲೆಕ್ಕ ಎಲ್ಲೂ ಇರಲಿಲ್ಲ.

"ಟ್ರಸ್ಟಿಗೆ ಫೋನ್ ಮಾಡಿ, ತಪ್ಪು ನಿಮ್ದು ಅಂತ ಹೇಳಿ ಸಾರ್. ಹತ್ತು ದಿನ ಮುಂದಕ್ಕೆ ಹಾಕ್ಲಿ. ಅವರೂ ಬರ್ಲಿ, ಆಮೇಲೆ ಗೆಲ್ತೀನಿ" ಎಂದಳು. ಅವನು ಫೋನ್ ಎತ್ತಿಕೊಳ್ಳುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.